ಅಂಗಳದ ಅಡುಗೆಗೆ ಬಾಳುವ ಕಪಾಟು

(ಬೀದರ್ ತಾಲೂಕಿನ ಬಗದಲ್‌ನಲ್ಲಿ ಮನೆ ಕಟ್ಟಿಸುವವರು, ಗೌಂಡಿಗಳು ಹಾಗೂ ಬಡಿಗರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಲೆನಾಡಿನಲ್ಲಿ ಕಾಡಿನ ಮಾತನಾಡಿಕೊಂಡಿರುವವರು ಇಷ್ಟು ದೂರ ಬಂದು ಅಡುಗೆಯ ಕಪಾಟಿನ ಬಗ್ಗೆ ಏಕೆ ಮಾತನಾಡಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿದ್ದರೆ ಅದು ಸಹಜವೇ ಆಗಿದೆ. ಮನೆಯ ಹೊರಗೆ ಕೂರಿಸಿದ ಹಲಗೆಯ ಕಪಾಟು ಎರಡು ಮಳೆಗಾಲಕ್ಕೆ ಉಬ್ಬಿ, ಮೂರನೆಯದಕ್ಕೆ ತಿಪ್ಪೆ ಸೇರಿದರೆ ಆ ಮನೆಯವರು ಮತ್ತೊಮ್ಮೆ ಹಲಗೆ ಕೊಳ್ಳಲೇಬೇಕು. ಎರಡನೆಯ ಸಲ ಕೊಂಡ ಹಲಗೆಗೂ ಎಲ್ಲೋ ಒಂದು ಮರ ಉರುಳಿರುತ್ತದೆ. ಬಗದಲ್‌ನ ಒಂದು ಅಂಗಳದಲ್ಲಿ ಕಪಾಟು ಎಷ್ಟು ವರ್ಷ ಬಾಳುತ್ತದೆ ಎಂಬುದಕ್ಕೂ ನಮ್ಮ ಬೆಟ್ಟಗಳಿಗೂ ಇರುವ ನಂಟು ಇದು. ಆದರೆ ಅದಕ್ಕಿಂತ ಮೊದಲು ಇದು ನಿಮ್ಮ ದುಡಿಮೆಯ ಹಣದ ಪ್ರಶ್ನೆ, ಹಾಗೂ ದಿನವೂ ಆ ಕಪಾಟಿನ ಬಾಗಿಲು ತೆಗೆದು ಹಾಕುವ ಹೆಣ್ಣುಮಕ್ಕಳ ಪ್ರಶ್ನೆ.

ಈ ಸೀಮೆಯಲ್ಲಿ ಹೊರಗಿನ ಅಡುಗೆ ಹೊಸದೇನಲ್ಲ. ಗ್ಯಾಸ್ ಒಲೆ ಒಳಗೆ ಬಂದ ಮೇಲೂ ಜೋಳದ ರೊಟ್ಟಿಗೆ, ನೀರು ಕಾಯಿಸಲು, ಹಬ್ಬಹುಣ್ಣಿಮೆಯ ದೊಡ್ಡ ಅಡುಗೆಗೆ ಅಂಗಳದ ಕಟ್ಟಿಗೆ ಒಲೆಯೇ ಬೇಕು. ಮೇ ತಿಂಗಳಿನಲ್ಲಿ ಪತ್ರಾ ಹೊದಿಸಿದ ಕೋಣೆಯೊಳಗೆ ಕುಳಿತು ರೊಟ್ಟಿ ಬಡಿಯುವುದೆಂದರೆ ಏನೆಂದು ಬಡಿದವರಿಗೇ ಗೊತ್ತು. ಈಗ ಹೊಸ ಮನೆ ಕಟ್ಟುವವರು ಹಿತ್ತಲಿನಲ್ಲಿಯೋ ಅಂಗಳದಲ್ಲಿಯೋ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸಿ, ಅದರ ಕೆಳಗೆ ಹಾಗೂ ಮೇಲೆ ಕಪಾಟು ಮಾಡಿಸುತ್ತಿದ್ದಾರೆ. ಇದು ಒಳ್ಳೆಯ ಬೆಳವಣಿಗೆಯೇ. ತೊಡಕು ಇಷ್ಟೆ: ಒಳಮನೆಗೆಂದು ತಯಾರಾದ ವಸ್ತುಗಳನ್ನೇ ತಂದು ಹೊರಗೆ ಕೂರಿಸುತ್ತಿದ್ದೇವೆ.

"ಹೊರಗಿಟ್ಟರೂ ಕೆಡದ ಹಲಗೆ ಯಾವುದು, ಅದರ ಹೆಸರು ಹೇಳಿ" ಎಂದು ಎಲ್ಲರೂ ಕೇಳುತ್ತಾರೆ. ಹೆಸರುಗಳನ್ನು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ? ಬಿಸಿಲು ಯಾವ ಹೊತ್ತಿನಲ್ಲಿ ಯಾವ ಮೈಗೆ ಬೀಳುತ್ತದೆ? ಇವೆರಡಕ್ಕೆ ಉತ್ತರ ಕಂಡುಕೊಂಡವನಿಗೆ ಸಾಧಾರಣ ವಸ್ತುವೂ ಬಾಳುತ್ತದೆ. ಕಂಡುಕೊಳ್ಳದವನಿಗೆ ದುಬಾರಿಯ ವಸ್ತುವೂ ಕೈಕೊಡುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದರ ತಿರುಳು ಇದೇ.

ಈ ನೆಲದ ಹವೆ

ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೀದರ್ ಜಿಲ್ಲೆಯಲ್ಲಿ ಬೀಳುವುದು 850–900 ಮಿಲಿಮೀಟರಿನ ಆಸುಪಾಸು. ಇದನ್ನು ನೋಡಿ ಇಲ್ಲಿ ಕಪಾಟಿಗೆ ಅಪಾಯ ಕಡಿಮೆ ಎಂದು ಭಾವಿಸುವಂತಿಲ್ಲ. ನಮ್ಮಲ್ಲಿ ಮರ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ, ಆಮೇಲೆ ನಿಧಾನವಾಗಿ ಆರುತ್ತದೆ. ಇಲ್ಲಿಯ ಸಂಕಟ ಬೇರೆ. ಮೇ ತಿಂಗಳಿನಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಹುರಿದು ಬಿರುಕುಬಿಟ್ಟ ಹಲಗೆಯ ಮೇಲೆ ಜೂನ್‌ನಲ್ಲಿ ಏಕಾಏಕಿ ಮಳೆ ಅಪ್ಪಳಿಸುತ್ತದೆ. ಎರಡು ದಿನ ಮಳೆ, ನಾಲ್ಕು ದಿನ ಬಿಸಿಲು, ಮತ್ತೆ ಮಳೆ. ಹೀಗೆ ಉಬ್ಬುವುದು ಕುಗ್ಗುವುದು ನಡೆಯುತ್ತಲೇ ಇದ್ದು, ಅಂಟು ಬಿಡುತ್ತದೆ, ಮೊಳೆ ಸಡಿಲಾಗುತ್ತದೆ, ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ.

ಇದರ ಜೊತೆಗೆ ಅಡುಗೆಯದೇ ಕಾಟವೂ ಇದೆ. ಉಗಿ, ಎಣ್ಣೆಯ ಜಿಡ್ಡು, ಉಪ್ಪು, ಹುಣಸೆಯ ಹುಳಿ, ತಿಕ್ಕಿ ತೊಳೆದ ನೀರು. ಹೊರಗಿನ ಕಪಾಟನ್ನು ಮಳೆಗಿಂತ ಹೆಚ್ಚಾಗಿ ಕೆಡಿಸುವುದು ದಿನವೂ ಕಟ್ಟೆ ತೊಳೆಯುವಾಗ ಅದರ ಬುಡಕ್ಕೆ ಇಳಿಯುವ ಈ ನೀರೇ. ಮಳೆ ನಾಲ್ಕು ತಿಂಗಳು ಬಂದರೆ, ಇದು ಹನ್ನೆರಡು ತಿಂಗಳೂ ಬರುತ್ತದೆ.

ಬೀದರ್ ಕಲಿಸುವ ಪಾಠ

ಬಾಳಿಕೆಯ ಪಾಠಕ್ಕೆ ನೀವು ದೂರ ಹೋಗಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರ್ ಪಟ್ಟಣವೇ ತೆರೆದಿಟ್ಟ ಪುಸ್ತಕದಂತಿದೆ.

ಮೊದಲನೆಯ ಪಾಠ ಕೋಟೆಯ ಕೆಂಪುಕಲ್ಲಿನದು. ನಮ್ಮಲ್ಲಿ ಜಂಬಿಟ್ಟಿಗೆ, ಕರಾವಳಿಯಲ್ಲಿ ಮುರಕಲ್ಲು ಎಂದು ಕರೆಯುವ ಕಲ್ಲೇ ಇದು. ನೆಲದೊಳಗಿರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೃದುವಾಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಕಾಲ ಕಳೆದಷ್ಟೂ ಬಲಗೊಳ್ಳುವ ವಸ್ತು ಅಪರೂಪ. ಆದರೆ ಇದರ ಮೈಯೆಲ್ಲ ತೂತು, ನೀರು ಕುಡಿಯುತ್ತದೆ. ಬೀದರಿನ ಬಳಿ ನೌಬಾದ್‌ನಲ್ಲಿರುವ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ನಿಂತಿರುವುದೇ ಈ ಗುಣದ ಮೇಲೆ: ಮೇಲಿನ ಕೆಂಪುಕಲ್ಲು ಮಳೆಯನ್ನು ಹೀರಿ ಕೆಳಗೆ ಇಳಿಸುತ್ತದೆ. ಕರೇಜ್‌ಗೆ ವರವಾದ ಗುಣ ಕಪಾಟಿಗೆ ತೊಂದರೆ. ಆದುದರಿಂದ ಕೆಂಪುಕಲ್ಲಿನಲ್ಲಿ ಕಪಾಟು ಕಟ್ಟಿದರೆ ಒಳಮೈಗೆ ಗಾರೆ ಬೇಕು, ಬುಡಕ್ಕೆ ನೀರು ಹೀರದ ಕಲ್ಲು ಬೇಕು.

ಎರಡನೆಯದು ಕೋಟೆಯೊಳಗಿನ ರಂಗೀನ್ ಮಹಲಿನದು. ಅಲ್ಲಿಯ ಕೆತ್ತನೆಯ ಮರದ ಕಂಬಗಳು ಬರೀದ್‌ಶಾಹಿಗಳ ಕಾಲದಿಂದ, ಅಂದರೆ ಹದಿನಾರನೆಯ ಶತಮಾನದಿಂದ, ಉಳಿದು ಬಂದಿವೆ. ಅವು ಸೂರಿನಡಿಯಲ್ಲಿ ಮಳೆಗೆ ಮೈಯೊಡ್ಡದೆ ನಿಂತಿವೆ. ಒಣಗಿದ್ದಷ್ಟು ಕಾಲ ಮರ ಕೊಳೆಯುವುದಿಲ್ಲ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಮರದಲ್ಲಿ ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಹೆಚ್ಚು ತೇವ ಬೇಕು. ಆ ಮಟ್ಟಕ್ಕಿಂತ ಕೆಳಗಿಟ್ಟರೆ ಸಾಧಾರಣ ಮರಕ್ಕೂ ದೀರ್ಘಾಯುಷ್ಯ.

ಮೂರನೆಯದು 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗವೇ ಹಾಳಾಯಿತು. ಆದರೂ ಉಳಿದ ಗೋಡೆಯ ಮೇಲೆ ಬಣ್ಣದ ಹೆಂಚುಬಿಲ್ಲೆಗಳ ಒಂದು ಪಾಲು ಇಂದಿಗೂ ಹೊಳೆಯುತ್ತಿದೆ. ಗಾಜಿನಂಥ ಲೇಪವಿರುವ ಬಿಲ್ಲೆ ನೀರು ಹೀರುವುದಿಲ್ಲ, ಬಿಸಿಲಿಗೆ ಬಣ್ಣಗೆಡುವುದಿಲ್ಲ. ಅದು ಬೀಳುವುದಾದರೆ ಹಿಂದಿನ ಗಾರೆ ಸಡಿಲಾದಾಗ ಬೀಳುತ್ತದೆ. ಹೊರಗಿನ ಅಡುಗೆ ಕಟ್ಟೆಗೆ ಬಿಲ್ಲೆ ಅಂಟಿಸುವವರು ಬಿಲ್ಲೆಯ ಚೆಂದಕ್ಕಿಂತ ಸಂದುಗಳ ಭರ್ತಿಯ ಕಡೆಗೆ ಗಮನ ಕೊಡಬೇಕೆಂದು ಹೇಳುವುದು ಇದಕ್ಕಾಗಿಯೇ.

ನಾಲ್ಕನೆಯದು ಬಿದರಿ ಕಸುಬಿನದು. ಬಿದರಿಯ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಇದೇ ಸತುವನ್ನು ಕಬ್ಬಿಣದ ತಗಡಿಗೆ ಬಳಿದಾಗ ನಾವು ಜಿ.ಐ. ತಗಡು ಎನ್ನುತ್ತೇವೆ. ಗಾಳಿ ನೀರಿಗೆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಆ ಮಾತಿಗೆ ಮುಂದೆ ಮರಳುತ್ತೇನೆ.

ಮರ

ಮರವನ್ನು ಬಿಡಬೇಕೆಂದು ನಾನು ಹೇಳಲಾರೆ. ರಿಪೇರಿಗೆ ಒದಗುವ, ಊರಿನ ಬಡಿಗನಿಗೆ ಕೆಲಸ ಕೊಡುವ, ಕೊನೆಗೆ ಮಣ್ಣಿಗೆ ಮರಳುವ ವಸ್ತು ಅದು. ಆದರೆ ಯಾವ ಮರ ಎಂಬುದಕ್ಕಿಂತ ಮರದ ಯಾವ ಭಾಗ ಎಂಬುದು ಮುಖ್ಯ. ದಿಮ್ಮಿಯ ನಡುವಿನ ಕೆಚ್ಚು ಗೆದ್ದಲು ಹಾಗೂ ಕೊಳೆತವನ್ನು ತಡೆಯುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿಯಿಲ್ಲ. ಸಾಗವಾನಿಯದೇ ಆದರೂ ಬಿಳಿ ಭಾಗವನ್ನು ಹುಳ ಬಿಡುವುದಿಲ್ಲ. "ಸಾಗವಾನಿ" ಎಂದು ಕೊಟ್ಟ ಹಲಗೆಯಲ್ಲಿ ಅರ್ಧದಷ್ಟು ಬಿಳಿ ಇದ್ದರೆ ನೀವು ಕೊಂಡದ್ದು ಅರ್ಧ ಸಾಗವಾನಿ ಎಂದೇ ತಿಳಿಯಿರಿ.

ಸಾಗವಾನಿಗೆ ತನ್ನದೇ ಎಣ್ಣೆಯಂಶವಿದ್ದು, ಉಬ್ಬುವುದು ಕುಗ್ಗುವುದು ಕಡಿಮೆ. ಹೊರಗಿನ ಬಾಗಿಲಿಗೆ ಅದು ಉತ್ತಮವೆಂಬುದರಲ್ಲಿ ಸಂಶಯವಿಲ್ಲ. ಬೆಲೆ ಎಲ್ಲರ ಕೈಗೆ ಎಟುಕುವಂಥದಲ್ಲ. ನಿಮ್ಮ ಹೊಲದ ಬದುವಿನ ಬೇವು ಹುಳಕ್ಕೆ ಕಹಿ. ಚೆನ್ನಾಗಿ ಒಣಗಿಸಿದ ಬೇವಿನ ಕೆಚ್ಚಿನಿಂದ ಸೂರಿನಡಿಯ ಬಾಗಿಲು, ಚೌಕಟ್ಟು ಮಾಡಿಸಬಹುದು. ಗಾಡಿಗೆ, ನೇಗಿಲಿಗೆ ಬಳಸುತ್ತಿದ್ದ ಜಾಲಿ ಬಹಳ ಗಟ್ಟಿ. ಚೌಕಟ್ಟಿಗೆ, ಕಾಲಿಗೆ ಆಗುತ್ತದೆ, ಅಗಲದ ಹಲಗೆಗೆ ಆಗದು. ಹಳೆಯ ಮನೆ ಕಿತ್ತಾಗ ಬಂದ ತೊಲೆ, ಬಾಗಿಲುಗಳ ಮರ ಇವೆಲ್ಲಕ್ಕಿಂತ ಮೇಲು. ದಶಕಗಳಿಂದ ಒಣಗಿರುವ ಅದು ಇನ್ನು ಹೆಚ್ಚು ಸೊಟ್ಟಗಾಗುವುದಿಲ್ಲ, ಅದಕ್ಕಾಗಿ ಹೊಸ ಮರವೂ ಉರುಳುವುದಿಲ್ಲ.

ಬಡಿಗ ಬಂಧುಗಳಿಗೆ ತಿಳಿದ ಮಾತನ್ನೇ ಮನೆ ಕಟ್ಟಿಸುವವರಿಗಾಗಿ ಹೇಳುತ್ತೇನೆ. ಮರ ಉದ್ದಕ್ಕೆ ಉಬ್ಬುವುದಿಲ್ಲವೆಂದೇ ಹೇಳಬಹುದು, ಉಬ್ಬುವುದೆಲ್ಲ ಅಗಲಕ್ಕೆ. ಅಗಲದ ಹಲಗೆಗೆ ನಾಲ್ಕೂ ಕಡೆ ಮೊಳೆ ಜಡಿದರೆ ಅದು ಸೀಳದೆ ಬೇರೆ ದಾರಿಯಿಲ್ಲ. ಹಿಂದಿನವರು ಚೌಕಟ್ಟಿನೊಳಗೆ ಗಾಡಿ ತೆಗೆದು, ಹಲಗೆಯನ್ನು ಅಂಟಿಸದೆ ಅದರಲ್ಲಿ ಕೂರಿಸುತ್ತಿದ್ದರು. ಹಲಗೆ ಒಳಗೇ ಹಿಗ್ಗಿ ಕುಗ್ಗಿ ಆಡುತ್ತದೆ, ಚೌಕಟ್ಟು ಅಲುಗುವುದಿಲ್ಲ. ಬೇಸಿಗೆ ಮಳೆಗಳ ಅಂತರ ಇಷ್ಟಿರುವ ಈ ಸೀಮೆಗೆ ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಬಿದಿರಿನ ಪಟ್ಟಿಯ ಅಥವಾ ಸಂದುಳ್ಳ ಪಟ್ಟಿಮರದ ಬಾಗಿಲೂ ಒಳ್ಳೆಯದೇ, ಗಾಳಿ ಆಡುತ್ತದೆ.

ಬಳಿಯುವ ಎಣ್ಣೆಯ ವಿಷಯಕ್ಕೆ ಬಂದರೆ, ಗೆದ್ದಲಿಗೆಂದು ವಾಹನದ ಸುಟ್ಟ ಆಯಿಲನ್ನು ಮರಕ್ಕೆ ಬಳಿಯುವ ರೂಢಿ ಹಲವೆಡೆ ಇದೆ. ಬೇಲಿ ಗೂಟಕ್ಕೂ ಅದು ಮಣ್ಣನ್ನು ಕೆಡಿಸುತ್ತದೆ. ಅನ್ನದ ಪಾತ್ರೆ ಇಡುವ ಕಪಾಟಿಗಂತೂ ಸರ್ವಥಾ ಕೂಡದು. ಬೀದರ್ ಸೀಮೆಯಲ್ಲಿ ಬೆಳೆಯುವ ಅಗಸೆಯ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವ ಗುಣವುಳ್ಳದ್ದು. ತೆಳುವಾಗಿ ಬಳಿದು, ಉಳಿದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಬಳಿಯಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಸಲ ಕೈಯಾಡಿಸಬೇಕು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಬಿಡಿಸಿ ಒಣಹಾಕಬೇಕು.

ಪ್ಲೈವುಡ್ಡು ಮತ್ತು ಪುಡಿಹಲಗೆ

ಅಂಗಡಿಯಲ್ಲಿ ಮೊದಲು ತೋರಿಸುವುದು ಪ್ಲೈವುಡ್ಡನ್ನೇ. ಇದರ ಕಥೆ ನಮ್ಮ ಬೆಟ್ಟಗಳಿಗೆ ಚೆನ್ನಾಗಿ ಗೊತ್ತು. ಉತ್ತರ ಕನ್ನಡದ ಕಾಡುಗಳಿಂದ ಪ್ಲೈವುಡ್ ಕಾರ್ಖಾನೆಗೆ ಮರ ಸಾಗುತ್ತಿದ್ದ ಕಾಲದಲ್ಲಿಯೇ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರ ನೆರವಿನಿಂದ ಬೆಳೆಸಿಕೊಳ್ಳಬೇಕೆಂದಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶ ಕಾಡಿನ ಕಡಿತಕ್ಕೆ ಇನ್ನಷ್ಟು ಬಿಗಿ ಹಾಕಿತು. ಇಂದು ನಮ್ಮ ದೇಶದ ಪ್ಲೈವುಡ್ಡಿನ ದೊಡ್ಡ ಪಾಲು ಹೊಲದಲ್ಲಿ ಬೆಳೆದ ಪೋಪ್ಲರ್, ನೀಲಗಿರಿ ಮರಗಳಿಂದ ಬರುತ್ತಿದೆ. ಆದುದರಿಂದ ಪ್ಲೈವುಡ್ಡನ್ನು ಮುಟ್ಟಲೇಬಾರದು ಎಂಬ ಹಟ ಈಗ ಬೇಕಾಗಿಲ್ಲ. ಮುಟ್ಟುವುದಾದರೆ ತಿಳಿದು ಮುಟ್ಟಬೇಕು.

ಪ್ಲೈವುಡ್ಡಿನ ಜೀವ ಮರದಲ್ಲಿಲ್ಲ, ಅಂಟಿನಲ್ಲಿದೆ. ಎಂ.ಆರ್. ಎಂದು ಗುರುತಿಸುವ ಅಗ್ಗದ ಹಲಗೆ ಯೂರಿಯಾ ಅಂಟಿನದು. ಗಾಳಿಯ ತೇವವನ್ನು ತಡೆಯಬಹುದು, ನೀರನ್ನಲ್ಲ. ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ಡು ಫೀನಾಲ್ ಅಂಟಿನದು. 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿದರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಹೊರಗೆ ಪ್ಲೈವುಡ್ಡು ಬಳಸಲೇಬೇಕಾದರೆ ಈ ಎರಡನೆಯದನ್ನು, ಐ.ಎಸ್.ಐ. ಮುದ್ರೆ ನೋಡಿ, ಬಿಲ್ಲಿನಲ್ಲಿ ದರ್ಜೆ ಬರೆಸಿ ಕೊಳ್ಳಿರಿ. ಆದರೂ ಕತ್ತರಿಸಿದ ಅಂಚುಗಳಿಂದ ನೀರು ಒಳಹೊಗುತ್ತದೆ. ಅಂಚುಗಳಿಗೆ ಹಾಗೂ ಮೊಳೆ ತೂತಿಗೆ ಬಣ್ಣವನ್ನೋ ಅಂಟನ್ನೋ ತುಂಬದೆ ಬಿಟ್ಟರೆ ಮರೈನ್ ಎಂಬ ಹೆಸರು ಕಾಯುವುದಿಲ್ಲ. ಮರದ ಪುಡಿ, ನಾರು ಒತ್ತಿ ಮಾಡಿದ ಹಲಗೆಗಳಿಗೆ, ಅವುಗಳ ಮೇಲೆ ಎಷ್ಟೇ ಹೊಳೆಯುವ ಹಾಳೆ ಅಂಟಿಸಿದ್ದರೂ, ಅಂಗಳದಲ್ಲಿ ಜಾಗವಿಲ್ಲ. ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಒಣಗಿದರೂ ಮೊದಲಿನ ರೂಪಕ್ಕೆ ಬಾರವು. ಅವುಗಳನ್ನು ರಿಪೇರಿ ಮಾಡಬಲ್ಲ ಬಡಿಗನೂ ಇಲ್ಲ.

ಲೋಹ

ಸ್ಟೀಲಿನ ಕಪಾಟು ಹೊರಗೆ ಬಾಳುತ್ತದೆ, ದರ್ಜೆ ಸರಿಯಿದ್ದರೆ. 304 ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ, ಆದರೆ ಉಪ್ಪುನೀರು ನಿಂತಲ್ಲಿ ಕಲೆಗಟ್ಟುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು ಎಂಬ ನಂಬಿಕೆ ಸಾಲದು, ಏಕೆಂದರೆ 202ನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಸಮುದ್ರದಂಡೆಗೆ ಬೇಕಾಗುವ 316 ದರ್ಜೆ ಇಲ್ಲಿ ಅನಗತ್ಯ; ಅದಕ್ಕೆ ಹಣ ಸುರಿಯಬೇಡಿ. ಬಿಸಿಲಿಗೆ ಬಿದ್ದ ಸ್ಟೀಲಿನ ಬಾಗಿಲು ಕೈಸುಡುತ್ತದೆ, ಒಳಗಿಟ್ಟ ಎಣ್ಣೆ ಬೇಗ ಕಮಟುತ್ತದೆ ಎಂಬುದನ್ನೂ ನೆನಪಿಡಿ.

ಜಿ.ಐ. ತಗಡು ಕಡಿಮೆ ಖರ್ಚಿನ ದಾರಿ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ ಎಂದೆನಲ್ಲ, ವೆಲ್ಡಿಂಗ್ ಮಾಡಿದಲ್ಲಿ ಆ ಸತು ಸುಟ್ಟುಹೋಗಿರುತ್ತದೆ. ತುಕ್ಕು ಮೊದಲು ಕಾಣಿಸುವುದು ಆ ಜಾಗದಲ್ಲಿಯೇ. ಆದ್ದರಿಂದ ವೆಲ್ಡಿಂಗಿನ ಗಂಟುಗಳಿಗೆ ಸತುವಿನ ಬಣ್ಣ ಬಳಿಸಬೇಕು. ಅಲ್ಯುಮಿನಿಯಂಗೆ ತನ್ನದೇ ರಕ್ಷಣೆಯ ಪೊರೆಯಿದ್ದರೂ ಹಿತ್ತಾಳೆಯ ಬಿಜಾಗರಿ, ಕಬ್ಬಿಣದ ಸ್ಕ್ರೂ ಸೇರಿಸಿದರೆ ಒದ್ದೆಯಾದಾಗ ಅದೇ ಸವೆಯುತ್ತದೆ.

ಬಿಜಾಗರಿ, ಸ್ಕ್ರೂಗಳ ಮಾತು ಬಂದಾಗ ಒಂದು ಒತ್ತಾಯ. ಕಪಾಟು ಹಾಳಾಗುವುದು ಹಲಗೆಯಿಂದಲ್ಲದೆ ಹಲವು ಸಲ ಬಿಜಾಗರಿಯಿಂದಲೇ. ಹಲಗೆಗೆ ಸಾವಿರಗಟ್ಟಲೆ ಕೊಟ್ಟು ಬಿಜಾಗರಿಯಲ್ಲಿ ಉಳಿತಾಯ ಮಾಡುವುದು ಎತ್ತು ಕೊಂಡು ಹಗ್ಗಕ್ಕೆ ಜಿಪುಣತನ ತೋರಿದಂತೆ. ಮರಕ್ಕೆ ಹಿತ್ತಾಳೆಯದು ಅಥವಾ ಸ್ಟೀಲಿನದು ಇರಲಿ. ಕಬ್ಬಿಣದ್ದಾದರೆ ತುಕ್ಕು ಮರದ ಒಗರಿನೊಡನೆ ಬೆರೆತು ಕರಿ ಕಲೆಯಾಗಿ ಹರಡುತ್ತದೆ.

ಪಿ.ವಿ.ಸಿ. ಹಲಗೆ ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಬಿಸಿಲಿಗೆ ಹಳದಿಗಟ್ಟಿ ಪೆಡಸಾಗುತ್ತದೆ, ಸುಮಾರು 80 ಡಿಗ್ರಿ ಶಾಖಕ್ಕೆ ಮೆತ್ತಗಾಗುತ್ತದೆ. ಕಟ್ಟಿಗೆ ಒಲೆಯ ಮಗ್ಗುಲಲ್ಲಿ ಅದನ್ನಿಡುವುದು ತರವಲ್ಲ. ಸುಟ್ಟರೆ ವಿಷದ ಹೊಗೆ, ಎಸೆದರೆ ಕೊಳೆಯುವುದಿಲ್ಲ. ನೆರಳಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಬಚ್ಚಲ ಬಾಗಿಲಿಗೆ ಅದು ಇರಲಿ.

ಮೈ ಕಲ್ಲಿನದು, ಬಾಗಿಲು ಮರದ್ದು

ಇಷ್ಟೆಲ್ಲ ತೂಗಿ ನೋಡಿದ ಮೇಲೆ ಬಗದಲ್‌ನಂಥ ಊರಿಗೆ ನನ್ನ ಸಲಹೆ ಇದು. ಕಪಾಟಿನ ಮೈಯನ್ನು ಕಲ್ಲಿನಲ್ಲಿ ಕಟ್ಟಿರಿ. ಬಾಗಿಲನ್ನು ಮಾತ್ರ ಮರ ಅಥವಾ ತಗಡಿನಲ್ಲಿ ಮಾಡಿಸಿರಿ. ಹಳೆಯ ಮನೆಗಳ ಗೋಡೆಯಲ್ಲಿ ಮಾಡ, ಗೂಡುಗಳನ್ನು ಬಿಡುತ್ತಿದ್ದವರು ಮಾಡಿದ್ದೂ ಇದನ್ನೇ. ಮೈ ಸದಾ ಉಳಿಯುತ್ತದೆ. ಬಾಗಿಲು ಹಳತಾದರೆ ಬಾಗಿಲೊಂದನ್ನೇ ಬದಲಿಸಬಹುದು.

ಇದಕ್ಕೆ ಮಳೆಯ ಲೆಕ್ಕವೂ ಒತ್ತು ಕೊಡುತ್ತದೆ. ಏಳು ಅಡಿ ಎತ್ತರದ ಸೂರು ಕಪಾಟಿನ ಮುಂದಕ್ಕೆ ಮೂರು ಅಡಿ ಚಾಚಿದೆಯೆನ್ನಿ. ಗಾಳಿಯೊಡನೆ ಮಳೆ ಓರೆಯಾಗಿ, ಅಡಿಗೊಂದು ಅಡಿಯಂತೆ ಒಳಗೆ ನುಗ್ಗಿದರೆ, ಆ ಸೂರು ಮೇಲಿನ ಮೂರು ಅಡಿಯನ್ನು ಮಾತ್ರ ಕಾಯುತ್ತದೆ. ಕೆಳಗಿನ ನಾಲ್ಕು ಅಡಿ ತೊಯ್ಯುತ್ತದೆ. ಕಟ್ಟೆಯ ಎತ್ತರ ಎರಡು ಮುಕ್ಕಾಲು ಅಡಿ. ಅಂದರೆ ಕಟ್ಟೆಯ ಕೆಳಗಿನ ಕಪಾಟು ಸೂರಿದ್ದರೂ ತೊಯ್ಯುವುದೇ ಸರಿ. ಮರದ್ದಾದರೆ ಮೇಲಿನ ಗೋಡೆ ಕಪಾಟು ಬಾಳುತ್ತದೆ, ಕೆಳಗಿನದು ಬಾಳದು. ಆದುದರಿಂದ ಕೆಳಗೆ ಕಲ್ಲು, ಮೇಲೆ ಮರ.

ಮುಂಗಾರಿನ ಗಾಳಿ ಇಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಸುಡುವ ಸಂಜೆಬಿಸಿಲೂ ಪಶ್ಚಿಮದ್ದೇ. ಕಪಾಟಿನ ಬೆನ್ನು ಪಶ್ಚಿಮಕ್ಕೆ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಬರುವಂತೆ ಕೂರಿಸಿದರೆ ಒಂದೇ ಗೋಡೆ ಎರಡಕ್ಕೂ ಅಡ್ಡವಾಗುತ್ತದೆ. ಇದಕ್ಕೆ ಒಂದು ಕಾಸೂ ಹೆಚ್ಚು ಬೀಳುವುದಿಲ್ಲ.

ಗೌಂಡಿ ಬಂಧುಗಳಿಗೆ ಕೆಲವು ಸೂಚನೆಗಳು. ಅಡಿಯ ಒಂದು ವರಸೆಗೆ ನೀರು ಹೀರದ ಕರಿಕಲ್ಲು ಅಥವಾ ಫರಸಿ ಹಾಕಿ, ಅದರ ಮೇಲೆ ಕೆಂಪುಕಲ್ಲು ಏರಿಸಿರಿ. ಕಪ್ಪು ಎರೆಮಣ್ಣಿದ್ದಲ್ಲಿ ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಬುನಾದಿಯನ್ನು ಗಟ್ಟಿ ನೆಲದವರೆಗೆ ಇಳಿಸಬೇಕು. ಇಲ್ಲವಾದರೆ ಕಟ್ಟೆಯೇ ಸೀಳುತ್ತದೆ. ಒಳಮೈಗೆ ಗಾರೆ ಮಾಡಿ ಮೂಲೆಗಳನ್ನು ಗುಂಡಗೆ ತಿರುವಿದರೆ ಕಸ ಕೂರದು. ತಳವನ್ನು ಅಂಗಳಕ್ಕಿಂತ ಆರು ಇಂಚು ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಡಿರಿ. ಅಡ್ಡಹಲಗೆಗೆ ಶಹಾಬಾದಿ ಫರಸಿ ಸಾಕು. ಅಂಗಡಿಗಳಲ್ಲಿ ಉಳಿಯುವ ತುಂಡು ಫರಸಿಯೇ ಇದಕ್ಕೆ ಒದಗುತ್ತದೆ. ಆಧಾರವಿಲ್ಲದ ಅಂತರ ಎರಡು ಅಡಿ ಮೀರದಿರಲಿ. ಕಟ್ಟೆಯ ಮೇಲ್ಮೈಗೆ ಮಾತ್ರ ಶಹಾಬಾದಿ ಬೇಡ. ಅದು ಸುಣ್ಣಕಲ್ಲಾದ್ದರಿಂದ ಹುಣಸೆ, ನಿಂಬೆಯ ಹುಳಿ ಬಿದ್ದಲ್ಲಿ ಕಲೆಯಾಗಿ ಒರಟಾಗುತ್ತದೆ. ಅಲ್ಲಿ ಗ್ರಾನೈಟು ಹಾಕಿರಿ, ನಾಲ್ಕು ಅಡಿಗೆ ಅರ್ಧ ಇಂಚು ಇಳಿಜಾರಿರಲಿ. ಮುಂದಕ್ಕೆ ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಹೊಡೆಯಿರಿ. ತೊಳೆದ ನೀರು ಆ ಗೀರಿನಲ್ಲಿ ತಡೆದು ಕೆಳಗೆ ತೊಟ್ಟಿಕ್ಕುತ್ತದೆ, ಕಲ್ಲಿನ ಅಡಿಮೈ ಹಿಡಿದು ಬಾಗಿಲಿನವರೆಗೆ ಹರಿಯುವುದಿಲ್ಲ. ಈ ಒಂದು ಗೀರು ಬಾಗಿಲಿನ ಆಯುಷ್ಯವನ್ನು ಎಷ್ಟೋ ವರ್ಷ ಹೆಚ್ಚಿಸುತ್ತದೆ.

ಕಲ್ಲು ಸಿಗದವರು ಕೆಂಪುಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡಿದ ಇಟ್ಟಿಗೆಯನ್ನು ಬಳಸಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ತಂಡ ಈ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಕೂಡ ಅವರದೇ ಕೊಡುಗೆ.

ಕಲ್ಲು ಹತ್ತಿರವಿದೆಯೆಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ. ಕೆಂಪುಕಲ್ಲಿನ ಗಣಿ ತೋಡಿದಷ್ಟೂ ಮಳೆ ಹೀರುವ ನೆಲ ಕರಗುತ್ತದೆ, ಬಾವಿಗಳಿಗೆ ಇಳಿಯುವ ನೀರು ಕುಗ್ಗುತ್ತದೆ. ಆದ್ದರಿಂದ ಬಿದ್ದ ಮನೆಯ, ಕಿತ್ತ ಕಾಂಪೌಂಡಿನ ಕಲ್ಲನ್ನು ಮೊದಲು ಹುಡುಕಿರಿ. ಒಂದು ಕಪಾಟಿಗೆ ಬೇಕಾಗುವುದು ಕೆಲವೇ ಕಲ್ಲು. ಆದರೆ ಕೋಟೆ, ಗುಮ್ಮಟ, ಹಳೆಯ ಬಾವಿಗಳ ಕಲ್ಲಿಗೆ ಕೈಹಾಕಬಾರದು. ಅದು ಕಾನೂನಿಗೆ ವಿರೋಧ, ನಮ್ಮ ಪಾಠಶಾಲೆಯನ್ನು ನಾವೇ ಕೆಡವಿದಂತೆ.

ಸುರಕ್ಷತೆ

ಗ್ಯಾಸ್ ಸಿಲಿಂಡರನ್ನು ಕಪಾಟಿನೊಳಗೆ ಇಡುವವರು ಇದನ್ನು ಮನಸ್ಸಿನಲ್ಲಿಡಬೇಕು. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೇರದೆ ತಳದಲ್ಲಿ ಶೇಖರವಾಗುತ್ತದೆ. ಮೇಲೆ ಕಿಂಡಿ ಬಿಟ್ಟು ಕೆಳಗೆ ಮುಚ್ಚಿದರೆ ಪ್ರಯೋಜನವಿಲ್ಲ. ಸಿಲಿಂಡರಿನ ಗೂಡಿಗೆ ತಳಮಟ್ಟದಲ್ಲಿಯೇ ಕಿಂಡಿಗಳಿರಬೇಕು, ಸಿಲಿಂಡರು ನೆಟ್ಟಗೆ ನಿಂತಿರಬೇಕು, ಕಟ್ಟಿಗೆ ಒಲೆ ಅದರಿಂದ ದೂರವಿರಬೇಕು.

ಚೇಳು, ಹಾವು, ಇಲಿಗಳಿಗೆ ಕಲ್ಲಿನ ಸಂದು ಪ್ರಿಯವಾದ ಜಾಗ. ಒಂದೋ ಸಂದುಗಳನ್ನು ಪೂರ್ತಿ ಗಾರೆಯಿಂದ ಮುಚ್ಚಿರಿ, ಇಲ್ಲವೇ ಕಪಾಟಿನಡಿ ಬಗ್ಗಿ ನೋಡಿ ಗುಡಿಸುವಷ್ಟು ಎತ್ತರ ಬಿಡಿರಿ. ಎರಡು ಇಂಚಿನ ಕತ್ತಲೆಯ ಸಂದು ಎಲ್ಲಕ್ಕಿಂತ ಅಪಾಯಕರ. ಕಾಳುಕಡಿ, ಹಿಟ್ಟು, ಎಣ್ಣೆಯನ್ನು ಹೊರಗಿನ ಕಪಾಟಿನಲ್ಲಿ ಇಡಬೇಡಿ. ಅದು ಪಾತ್ರೆ, ಹಂಚು, ಕೊಣಮಿಗೆ, ದಿನದ ಬಳಕೆಯ ಸಾಮಾನುಗಳ ಜಾಗ. ಹಳೆಯ ಕಲ್ನಾರಿನ ಶೀಟನ್ನು ಕತ್ತರಿಸಿ ಅಡ್ಡಹಲಗೆ ಮಾಡುವುದೂ ಬೇಡ. ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ.

ತೀರ್ಮಾನ ಯಾರದು

ಕೊನೆಯದಾಗಿ ಒಂದು ಮಾತು. ಕಪಾಟಿನ ವಸ್ತುವನ್ನು ಆರಿಸಲು ಸಾಮಾನ್ಯವಾಗಿ ಮನೆಯ ಗಂಡಸರೂ ಗೌಂಡಿಯೂ ಸೇರಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಅಡುಗೆ ಮಾಡುವವರು ಇರುವುದಿಲ್ಲ. ಕಟ್ಟೆ ಎಷ್ಟು ಎತ್ತರವಿರಬೇಕು, ರೊಟ್ಟಿ ಬಡಿಯುವಾಗ ಹಿಟ್ಟಿನ ಬುಟ್ಟಿ ಯಾವ ಕೈಗೆ ಸಿಗಬೇಕು, ತೊಳೆದ ನೀರು ಎತ್ತ ಹರಿಯುತ್ತದೆ, ಸಂಜೆ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂಬುದೆಲ್ಲ ಅವರಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟ. ನಾನು ಆರಂಭದಲ್ಲಿ ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ಅವರ ಬಳಿಯೇ ಇದೆ. ಅವರನ್ನು ಕೇಳದೆ ಕಟ್ಟಿದ ಕಪಾಟು ಎಷ್ಟು ಗಟ್ಟಿಯಾಗಿದ್ದರೂ ಅನುಕೂಲಕ್ಕೆ ಬಾರದು; ಅನುಕೂಲಕ್ಕೆ ಬಾರದ್ದನ್ನು ಯಾರೂ ಕಾಪಾಡುವುದಿಲ್ಲ.

ಆದುದರಿಂದ ಖರ್ಚಿನ ಕ್ರಮ ಹೀಗಿರಲಿ. ಮೊದಲು ಸೂರಿಗೆ, ಎರಡನೆಯದಾಗಿ ನೆಲದ ಇಳಿಜಾರಿಗೆ, ಮೂರನೆಯದಾಗಿ ಕಲ್ಲಿನ ಮೈಗೆ, ನಾಲ್ಕನೆಯದಾಗಿ ಒಳ್ಳೆಯ ಬಿಜಾಗರಿಗೆ, ಉಳಿದದ್ದು ಬಾಗಿಲಿನ ಅಂದಕ್ಕೆ. ಅಂಗಡಿಯವರು ಈ ಕ್ರಮವನ್ನು ತಲೆಕೆಳಗು ಮಾಡಿ ಹೇಳುತ್ತಾರೆ, ಏಕೆಂದರೆ ಸೂರು, ಇಳಿಜಾರುಗಳನ್ನು ಅವರು ಮಾರುವುದಿಲ್ಲ.

ಈ ಮಳೆಗಾಲದ ಮೊದಲ ಮಳೆ ಬಿದ್ದಾಗ ನಿಮ್ಮ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ನೀರಿನ ದಾರಿಯನ್ನು ನೋಡಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದಿಡಿ. ಆಮೇಲೆ ಬಡಿಗನನ್ನು, ಗೌಂಡಿಯನ್ನು ಕರೆಯಿರಿ. ಹಾಗೆ ಕಟ್ಟಿದ ಕಪಾಟು ನಿಮ್ಮ ಮಕ್ಕಳ ಕಾಲಕ್ಕೂ ಒದಗಲಿ, ಅದರಿಂದ ಎಲ್ಲೋ ಒಂದು ಬೆಟ್ಟದಲ್ಲಿ ಒಂದೆರಡು ಮರ ಹೆಚ್ಚು ನಿಲ್ಲಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.